ನರ್ಸಿಂಗ್ ವಿದ್ಯಾರ್ಥಿಗಳಿಗೆ ಕಾಳಜಿ ಕಲಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತೊಂಬತ್ತು ವರ್ಷಗಳಿಂದ ನರ್ಸಿಂಗ್ ಪಾಠ ಹೇಳುತ್ತಿದ್ದೇನೆ. ಅದಕ್ಕೂ ಮೊದಲು ವಾರ್ಡಿನಲ್ಲಿ ಸ್ಟಾಫ್ ನರ್ಸ್ ಆಗಿದ್ದೆ. ಹೊಸದಾಗಿ ಸೇರಿದ ಟ್ಯೂಟರ್‌ಗಳು, ವಾರ್ಡ್ ಇನ್‌ಚಾರ್ಜ್ ಸಿಸ್ಟರ್‌ಗಳು, ಕೆಲವು ಸಲ ವಿದ್ಯಾರ್ಥಿಗಳ ಅಪ್ಪ ಅಮ್ಮಂದಿರು ನನ್ನನ್ನು ಕೇಳುವ ಪ್ರಶ್ನೆಗಳು ಇವು. ಉತ್ತರಗಳು ವಾರ್ಡಿನಲ್ಲಿ ಕಂಡಿದ್ದರಿಂದ ಬಂದವು. ಓದಿದ್ದನ್ನೂ ಅಲ್ಲಲ್ಲಿ ಸೇರಿಸಿದ್ದೇನೆ.

ಕಾಳಜಿ ಹುಟ್ಟಿನಿಂದ ಬರುವ ಗುಣ ಅಲ್ವಾ? ಕಲಿಸಿದರೆ ಬರುತ್ತದಾ?

ಬರುತ್ತದೆ. ಇದನ್ನು ನಾನು ಪೂರ್ತಿ ನಂಬುತ್ತೇನೆ.

ಒಂದೇ ಬ್ಯಾಚಿನ ಇಬ್ಬರು ಹುಡುಗಿಯರ ಬಗ್ಗೆ ಹೇಳುತ್ತೇನೆ. ಒಬ್ಬಳದು ತುಂಬಾ ಮೆತ್ತನೆ ಮನಸ್ಸು. ರೋಗಿಯ ಕಷ್ಟ ನೋಡಿದರೆ ಕಣ್ಣು ತುಂಬುತ್ತಿತ್ತು. ಆದರೆ ಅದೇ ರೋಗಿಯ ಹಾಸಿಗೆ ಒದ್ದೆಯಾಗಿದ್ದು ಅವಳ ಗಮನಕ್ಕೆ ಬಂದಿರಲಿಲ್ಲ. ಇನ್ನೊಬ್ಬಳು ಮಾತು ಕಡಿಮೆ, ನಗುವುದೂ ಕಡಿಮೆ. ಆದರೆ ನೀರಿನ ಲೋಟ ಕೈಗೆ ಸಿಗುವ ಹಾಗೆ ಇದೆಯಾ ಎಂದು ನೋಡದೆ ಮಂಚದ ಪಕ್ಕದಿಂದ ಹೊರಡುತ್ತಿರಲಿಲ್ಲ. ಮಾರನೇ ದಿನ ಅಜ್ಜಿ "ಆ ಉದ್ದ ಜಡೆ ಹುಡುಗಿ ಎಲ್ಲಿ" ಎಂದು ಕೇಳಿದ್ದು ಎರಡನೆಯವಳನ್ನು.

ಮೊದಲನೆಯವಳಿಗೂ ಕಲಿಸಿದೆವು. ನೋಡು, ಕೇಳು, ಮಾಡು, ಮತ್ತೆ ಬಂದು ನೋಡು. ಇಂಜೆಕ್ಷನ್ ಕೊಡುವುದನ್ನು ಕಲಿಸುವ ಹಾಗೆಯೇ ಹಂತ ಹಂತವಾಗಿ ಕಲಿಸಿದೆವು. ಆರು ತಿಂಗಳಲ್ಲಿ ಅವಳ ಕೆಲಸ ಬದಲಾಯಿತು. ಮನಸ್ಸಿನ ಮೆತ್ತನೆತನ ಹಾಗೇ ಉಳಿಯಿತು, ಈಗ ಅದು ಕೈಗೂ ಬಂತು.

"ಅಯ್ಯೋ ಪಾಪ" ಅನ್ನುವುದು ಕಾಳಜಿ ಅಲ್ಲವಾ?

ರೋಗಿಯ ಎದುರು ಆ ಮಾತು ಬೇಡ ಎಂದು ಮೊದಲ ವಾರವೇ ಹೇಳುತ್ತೇನೆ. ಹೇಳುವವರಿಗೆ ಅದು ಪ್ರೀತಿ. ಮಲಗಿರುವವರಿಗೆ ಮಾತ್ರ ತಾನು ಇನ್ನೇನೂ ಇಲ್ಲದವನು ಎಂಬ ಹಾಗೆ ಕೇಳಿಸುತ್ತದೆ. ಕಾಲು ಕಳೆದುಕೊಂಡ ಲಾರಿ ಡ್ರೈವರ್ ಒಬ್ಬರು ನನಗೇ ಹೇಳಿದ್ದರು: "ಸಿಸ್ಟರ್, ಪಾಪ ಅನ್ನೋರು ಸಾಕಷ್ಟು ಜನ ಬರ್ತಾರೆ. ಬಾತ್‌ರೂಮಿಗೆ ಹೋಗೋದು ಹೇಗೆ ಅಂತ ಯಾರೂ ಹೇಳ್ಕೊಡಲ್ಲ."

ಸಿಲಬಸ್‌ನಲ್ಲಿ ಇದಕ್ಕೆ ಜಾಗ ಇದೆಯಾ?

ಇದೆ, ಆದರೆ ಹುಡುಕಿಕೊಳ್ಳಬೇಕು. ಇಂಡಿಯನ್ ನರ್ಸಿಂಗ್ ಕೌನ್ಸಿಲ್ 2021ರಲ್ಲಿ ತಂದ ಹೊಸ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮ 8 ಸೆಮಿಸ್ಟರ್‌ಗಳದ್ದು. ಮೊದಲ ಎರಡು ಸೆಮಿಸ್ಟರ್‌ಗಳ ನರ್ಸಿಂಗ್ ಫೌಂಡೇಶನ್ ಎಂಬ ವಿಷಯದಲ್ಲಿ ರೋಗಿಯ ಜೊತೆ ಮಾತು, ಸ್ವಚ್ಛತೆ, ಆರಾಮ ಎಲ್ಲವೂ ಬರುತ್ತವೆ. ಮುಂದೆ ಮಾನವೀಯ ಮೌಲ್ಯಗಳ ಐಚ್ಛಿಕ ಪಾಠವೂ ಇದೆ. ಥಿಯರಿಯಲ್ಲಿ ಅಮೆರಿಕದ ನರ್ಸಿಂಗ್ ಚಿಂತಕಿ ಜೀನ್ ವ್ಯಾಟ್ಸನ್ ಹೆಸರು ಬಂದೇ ಬರುತ್ತದೆ. 1979ರಲ್ಲಿ ಅವರು ನರ್ಸಿಂಗ್‌ನ ತಿರುಳೇ ಕಾಳಜಿ ಎಂದು ಹೇಳಿ, ಅದನ್ನು 10 ಅಂಶಗಳಾಗಿ ಬಿಡಿಸಿಟ್ಟರು. ನಮ್ಮ ಮಕ್ಕಳು ಆ ಹತ್ತನ್ನೂ ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅವನ್ನು ವಾರ್ಡಿಗೆ ತಂದು ತೋರಿಸುವುದು ಟ್ಯೂಟರ್ ಕೆಲಸ.

ಮೊದಲ ವರ್ಷದವರಿಗೆ ಎಲ್ಲಿಂದ ಶುರು ಮಾಡಬೇಕು?

ಅವರನ್ನೇ ರೋಗಿ ಮಾಡುವುದರಿಂದ.

ಸ್ಕಿಲ್ ಲ್ಯಾಬ್‌ನಲ್ಲಿ ಅಭ್ಯಾಸಕ್ಕೆ ಗೊಂಬೆ ಇರುತ್ತದೆ. ಗೊಂಬೆಗೆ ನಾಚಿಕೆ ಆಗುವುದಿಲ್ಲ, ಚಳಿ ಆಗುವುದಿಲ್ಲ. ಅದಕ್ಕೇ ನಾನು ವಾರ್ಡಿಗೆ ಕಳಿಸುವ ಮುಂಚೆ ಒಂದು ದಿನ ಪೂರ್ತಿ ಇದಕ್ಕೆ ಇಡುತ್ತೇನೆ. ಅರ್ಧ ಜನ ಮಂಚದ ಮೇಲೆ ಮಲಗಬೇಕು. ಸಮವಸ್ತ್ರದ ಮೇಲೆಯೇ ಆಸ್ಪತ್ರೆಯ ಗೌನ್ ಹಾಕಿಕೊಳ್ಳಬೇಕು. ಬೆಡ್‌ಪ್ಯಾನ್ ಮೇಲೆ ಹತ್ತು ನಿಮಿಷ ಕೂರಬೇಕು, ಬಟ್ಟೆ ಹಾಕಿಕೊಂಡೇ. ಆ ಹತ್ತು ನಿಮಿಷ ಯಾರೂ ಅವರತ್ತ ತಿರುಗಿ ನೋಡಬಾರದು. ಉಳಿದವರು ಅವರ ತಲೆಯ ಮೇಲೆಯೇ ಮಾತಾಡಿಕೊಂಡು ಓಡಾಡಬೇಕು. ಆಮೇಲೆ ಕಣ್ಣಿಗೆ ಬಟ್ಟೆ ಕಟ್ಟಿ, ಚಮಚದಲ್ಲಿ ಗಂಜಿ ತಿನ್ನಿಸಬೇಕು. ತಿನ್ನಿಸುವವರು ಏನೂ ಹೇಳಬಾರದು.

ಮಧ್ಯಾಹ್ನ ಎಲ್ಲರೂ ಅವರವರ ಭಾಷೆಯಲ್ಲಿ ಒಂದು ಪುಟ ಬರೆಯುತ್ತಾರೆ. ಪ್ರತಿ ವರ್ಷವೂ ಬರುವ ಮಾತುಗಳು ಸಾಮಾನ್ಯ ಒಂದೇ. "ಚಮಚ ಯಾವಾಗ ಬಾಯಿಗೆ ಬರುತ್ತದೆ ಅಂತ ಗೊತ್ತಾಗದೆ ಭಯ ಆಯ್ತು." "ಫ್ಯಾನ್ ಬಿಟ್ಟು ಬೇರೇನೂ ಕಾಣಿಸಲ್ಲ." "ನನ್ನ ಬಗ್ಗೆಯೇ ಮಾತಾಡ್ತಿದ್ರು, ನನ್ನ ಹತ್ತಿರ ಮಾತಾಡ್ಲಿಲ್ಲ."

ಮಾರನೇ ದಿನದಿಂದ ನಾಲ್ಕು ಅಭ್ಯಾಸ. ಹತ್ತಿರ ಹೋದ ಕೂಡಲೇ ತಮ್ಮ ಹೆಸರು ಹೇಳುವುದು. ಮುಟ್ಟುವ ಮುಂಚೆ ಏನು ಮಾಡುತ್ತೇನೆಂದು ಹೇಳುವುದು. ಪರದೆ ಎಳೆಯುವುದು. ಹೊರಡುವಾಗ "ಇನ್ನೇನಾದರೂ ಬೇಕಾ?" ಎಂದು ಕೇಳುವುದು. ಪ್ರೊಸೀಜರ್ ಎಷ್ಟೇ ಚೆನ್ನಾಗಿ ಮಾಡಿದರೂ ಈ ನಾಲ್ಕು ಇಲ್ಲದಿದ್ದರೆ ನಾನು ಲಾಗ್‌ಬುಕ್‌ಗೆ ಸಹಿ ಹಾಕುವುದಿಲ್ಲ.

ಹೆಸರು ಹೇಳುವುದು ಅಷ್ಟು ದೊಡ್ಡ ವಿಷಯವಾ?

ಹೌದು. ಇಂಗ್ಲೆಂಡಿನಲ್ಲಿ ಕೇಟ್ ಗ್ರೇಂಜರ್ ಎಂಬ ವೈದ್ಯೆ ಇದ್ದರು. ಅವರಿಗೇ ಕ್ಯಾನ್ಸರ್ ಆಗಿತ್ತು. 2013ರಲ್ಲಿ ಆಸ್ಪತ್ರೆಯಲ್ಲಿ ಮಲಗಿದ್ದಾಗ, ತನ್ನನ್ನು ನೋಡಲು ಬಂದವರಲ್ಲಿ ಎಷ್ಟೋ ಜನ ತಮ್ಮ ಹೆಸರನ್ನೇ ಹೇಳಲಿಲ್ಲ ಎಂಬುದು ಅವರ ಗಮನಕ್ಕೆ ಬಂತು. "ಹಲೋ, ನನ್ನ ಹೆಸರು..." ಎಂಬ ಇಷ್ಟೇ ಮಾತಿನ ಅಭಿಯಾನ ಶುರು ಮಾಡಿದರು. ಬ್ರಿಟನ್ನಿನ ಸರ್ಕಾರಿ ಆಸ್ಪತ್ರೆಗಳ ಸಿಬ್ಬಂದಿ ಅದನ್ನು ಎತ್ತಿಕೊಂಡರು. 2016ರಲ್ಲಿ ಕೇಟ್ ತೀರಿಕೊಂಡರು. ಆ ಅಭಿಯಾನ ಇನ್ನೂ ಇದೆ.

ನಮ್ಮಲ್ಲಿ ಇದರ ಜೊತೆಗೆ ಇನ್ನೊಂದನ್ನು ನೋಡಿಕೊಳ್ಳಬೇಕು. ಒಬ್ಬ ವಿದ್ಯಾರ್ಥಿನಿ ಸ್ಪೆಷಲ್ ವಾರ್ಡಿನಲ್ಲಿ "ಸರ್, ಸ್ವಲ್ಪ ತಿರುಗ್ತೀರಾ?" ಅನ್ನುತ್ತಾಳೆ. ಅವಳೇ ಜನರಲ್ ವಾರ್ಡಿಗೆ ಬಂದರೆ ಅಪ್ಪನ ವಯಸ್ಸಿನವರಿಗೆ "ಈ ಕಡೆ ತಿರುಗು" ಅನ್ನುತ್ತಾಳೆ. ಅವಳು ಕೆಟ್ಟವಳಲ್ಲ. ಸುತ್ತ ಎಲ್ಲರೂ ಹಾಗೆ ಮಾತಾಡುವುದನ್ನು ಕೇಳಿದ್ದಾಳೆ, ಅಷ್ಟೇ. ಬಹುವಚನ ಬಿಟ್ಟುಹೋದ ಕೂಡಲೇ ಪಕ್ಕಕ್ಕೆ ಕರೆದು ಹೇಳಿ. ಬಡವರಿಗೆ ಮಾತಿನ ಆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ. "12ನೇ ಬೆಡ್" ಅನ್ನುವುದನ್ನೂ ನಿಲ್ಲಿಸಿ. ಅಜ್ಜಿ, ಅವ್ವಾ, ಅಣ್ಣ, ಯಜಮಾನ್ರೇ, ಏನೇ ಇರಲಿ, ಒಮ್ಮೆ "ಏನಂತ ಕರೀಲಿ?" ಎಂದು ಕೇಳಿಬಿಟ್ಟರೆ ಒಳ್ಳೆಯದು. ಐವತ್ತೈದರ ಹೆಂಗಸಿಗೆ ಅಜ್ಜಿ ಅನ್ನಿಸಿಕೊಳ್ಳುವುದು ಇಷ್ಟ ಇರಬೇಕೆಂದೇನೂ ಇಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ ಅರ್ಧ ಜನಕ್ಕೆ ಕನ್ನಡವೇ ಬರುವುದಿಲ್ಲ. ಏನು ಮಾಡುವುದು?

ಬೆಂಗಳೂರು, ಮಂಗಳೂರಿನ ಕಾಲೇಜುಗಳಲ್ಲಿ ಇದು ದಿನದ ಮಾತು. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಬರುತ್ತಾರೆ. ತುಂಬಾ ಒಳ್ಳೆಯ ಮಕ್ಕಳು. ಆದರೆ ರೋಗಿ ಹೇಳಿದ್ದು ಅರ್ಥವಾಗದಿದ್ದರೆ ಕಾಳಜಿ ಎಲ್ಲಿಂದ ಬರಬೇಕು? ಪೆಚ್ಚಾಗಿ ನಕ್ಕು ಮುಂದೆ ಹೋಗುತ್ತಾರೆ. ರೋಗಿಗೆ ಅದು ಸೊಕ್ಕಿನ ಹಾಗೆ ಕಾಣುತ್ತದೆ.

ಪೂರ್ತಿ ಕನ್ನಡ ಕಲಿಸಲು ಹೋಗಬೇಡಿ. ವಾರ್ಡಿನ ಕನ್ನಡ ಕಲಿಸಿ. ಮೊದಲು ನೋವಿನ ಮಾತುಗಳು. ಉರಿ, ಚುಚ್ಚು, ಸೆಳೆತ, ಜೋಮು, ನುಲಿತ ಎಲ್ಲಕ್ಕೂ ಬೇರೆ ಬೇರೆ ಅರ್ಥ ಇದೆ. "ಪೇನ್" ಅಂತ ಒಂದೇ ಬರೆದುಕೊಂಡರೆ ಆಗುವುದಿಲ್ಲ. ಅದರಲ್ಲೂ "ಸಂಕಟ" ಎಂಬ ಮಾತಿಗೆ ಕಿವಿ ತೆರೆದಿರಲಿ. ವಾಕರಿಕೆಗೂ ಸಂಕಟ, ಮನಸ್ಸಿನ ದುಃಖಕ್ಕೂ ಸಂಕಟ. ವಯಸ್ಸಾದವರು ಬೆವರುತ್ತಾ "ಎದೆ ಸಂಕಟ" ಅಂದರೆ ಅದು ಹೃದಯಾಘಾತವೂ ಇರಬಹುದು, ತಕ್ಷಣ ಓಡಿ ಹೇಳಬೇಕು.

ಊರಿನಿಂದ ಊರಿಗೆ ಮಾತು ಬದಲಾಗುತ್ತದೆ. ಮೈಸೂರು ಕಡೆಯ ಹೆಂಗಸು "ಬೇನೆ ಶುರುವಾಯ್ತು" ಅಂದರೆ ಹೆರಿಗೆ ನೋವು ಎಂದು ಕೇಳಿಸುತ್ತದೆ. ಧಾರವಾಡ, ವಿಜಯಪುರದ ಕಡೆಯವರಿಗೆ "ಹೊಟ್ಟಿ ಬ್ಯಾನಿ" ಅಂದರೆ ಬರೀ ಹೊಟ್ಟೆನೋವು. "ಆರಾಮಿಲ್ಲ" ಅಂದರೆ ಹುಷಾರಿಲ್ಲ, "ಜಡ್ಡು" ಅಂದರೆ ಕಾಯಿಲೆ. ಕೆಲವರು "ಎರಡಕ್ಕೆ ಹೋಗಬೇಕು" ಅನ್ನುತ್ತಾರೆ, ಕೆಲವರು "ಸಂಡಾಸ" ಅನ್ನುತ್ತಾರೆ, ಇನ್ನು ಕೆಲವರು ನಾಚಿಕೊಂಡು "ಹೊರಗೆ ಹೋಗಬೇಕು" ಅನ್ನುತ್ತಾರೆ. ಇದು ಗೊತ್ತಿಲ್ಲದ ವಿದ್ಯಾರ್ಥಿನಿ ಒಬ್ಬಳು, ಕಾಲು ಮುರಿದ ಅಜ್ಜಿಗೆ "ಹೊರಗೆ ಬಿಸಿಲು, ಬೇಡ" ಎಂದು ಸಮಾಧಾನ ಹೇಳಿದ್ದಳು. ಅಜ್ಜಿ ಎರಡು ಗಂಟೆ ತಡೆದುಕೊಂಡರು. ಆ ದಿನದಿಂದ ನಾನು ಈ ಮಾತುಗಳನ್ನು ಒಂದು ಪುಟ್ಟ ನೋಟ್‌ಬುಕ್‌ನಲ್ಲಿ ಬರೆಸುತ್ತೇನೆ. ಪ್ರತಿ ವಾರ ಐದು ಮಾತು. ಮಲಯಾಳಂನಲ್ಲಿ ಅರ್ಥ ಬರೆದುಕೊಂಡರೂ ಸರಿ. ಕರಾವಳಿಯಲ್ಲಾದರೆ ತುಳು, ಕೊಂಕಣಿ, ಬ್ಯಾರಿಯ ನಾಲ್ಕು ಮಾತೂ ಬೇಕು.

ವಾರ್ಡಿನಲ್ಲಿ ನಲವತ್ತು ರೋಗಿಗಳು, ಇಬ್ಬರು ಸ್ಟಾಫ್. ಕಾಳಜಿಗೆ ಸಮಯ ಎಲ್ಲಿದೆ?

ಈ ಪ್ರಶ್ನೆ ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಲೆಕ್ಕದ ಪ್ರಕಾರ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ 3 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು. ಎಷ್ಟು ಕಡೆ ಹಾಗಿದೆ ಎಂದು ನಿಮಗೇ ಗೊತ್ತು.

ಅವಸರ ಮನುಷ್ಯನನ್ನು ಏನು ಮಾಡುತ್ತದೆ ಎಂಬುದಕ್ಕೆ ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಒಂದು ಪ್ರಯೋಗ ನಡೆದಿತ್ತು. 1973ರಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಅದನ್ನು ಪ್ರಕಟಿಸಿದರು. ಪಾದ್ರಿಗಳಾಗಲು ಓದುತ್ತಿದ್ದ ಹುಡುಗರನ್ನು ಇನ್ನೊಂದು ಕಟ್ಟಡಕ್ಕೆ ಭಾಷಣ ಮಾಡಲು ಕಳಿಸಿದರು. ದಾರಿಯಲ್ಲಿ ಒಬ್ಬ ಮನುಷ್ಯ ಕುಸಿದು ಕೂತು ನರಳುತ್ತಿದ್ದ. ಅವಸರ ಇಲ್ಲದವರಲ್ಲಿ ನೂರಕ್ಕೆ 63 ಜನ ಸಹಾಯ ಮಾಡಿದರು. ತುಂಬಾ ಅವಸರದಲ್ಲಿದ್ದವರಲ್ಲಿ ಸಹಾಯ ಮಾಡಿದ್ದು ನೂರಕ್ಕೆ 10 ಜನ ಮಾತ್ರ. ಅವರಲ್ಲಿ ಕೆಲವರು ಮಾಡಲು ಹೊರಟಿದ್ದ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರಿಯದವನ ಬೈಬಲ್ ಕಥೆ. ಇದನ್ನು ನಾನು ವಿದ್ಯಾರ್ಥಿಗಳಿಗೂ ಹೇಳುತ್ತೇನೆ, ಆಡಳಿತದವರಿಗೂ ಹೇಳುತ್ತೇನೆ. ವಿದ್ಯಾರ್ಥಿಗಳನ್ನು ಸ್ಟಾಫ್ ಕೊರತೆ ತುಂಬಲು ಬಳಸಿಕೊಂಡು, ಆಮೇಲೆ ಅವರಲ್ಲಿ ಕರುಣೆ ಇಲ್ಲ ಎಂದು ದೂರುವುದು ಅನ್ಯಾಯ.

ಆದರೂ ಇರುವ ಸಮಯದಲ್ಲಿ ಮಾಡಬಹುದಾದದ್ದು ಇದೆ. ಬಿ.ಪಿ. ನೋಡುವ ಎರಡು ನಿಮಿಷ ಹೇಗೂ ಮಂಚದ ಪಕ್ಕದಲ್ಲಿ ಇರುತ್ತೇವೆ. ಯಂತ್ರವನ್ನೇ ನೋಡುತ್ತಾ ನಿಲ್ಲುವ ಬದಲು ಪಟ್ಟಿ ಬಿಚ್ಚಿದ ಮೇಲೆ ಮುಖ ನೋಡಿ "ರಾತ್ರಿ ನಿದ್ದೆ ಬಂತಾ?" ಎಂದು ಕೇಳಬಹುದು. "ಆಮೇಲೆ ಬರ್ತೀನಿ" ಅನ್ನುವ ಬದಲು "ಮಾತ್ರೆ ಕೊಟ್ಟು ಮುಗಿಸಿ ಹನ್ನೊಂದಕ್ಕೆ ಬರ್ತೀನಿ" ಎಂದು ಹೇಳಿ, ಹಾಗೇ ಬರಬಹುದು. ಬರಲು ಆಗದಿದ್ದರೆ ಬೇರೆಯವರ ಕೈಲಿ ಹೇಳಿ ಕಳಿಸಬಹುದು.

ಮೊದಲ ವರ್ಷ ಅಷ್ಟು ಪ್ರೀತಿಯಿಂದ ಇದ್ದ ಮಕ್ಕಳು ಮೂರನೇ ವರ್ಷಕ್ಕೆ ಯಾಕೆ ಗಟ್ಟಿಯಾಗಿಬಿಡುತ್ತಾರೆ?

ನಮ್ಮನ್ನು ನೋಡಿಯೇ ಹಾಗಾಗುತ್ತಾರೆ.

ಇದು ನಮ್ಮಲ್ಲಿ ಮಾತ್ರ ಆಗುವುದಲ್ಲ. ಅಮೆರಿಕದ ಫಿಲಡೆಲ್ಫಿಯಾದ ಸಂಶೋಧಕರು ವೈದ್ಯ ವಿದ್ಯಾರ್ಥಿಗಳಲ್ಲಿ ಇನ್ನೊಬ್ಬರ ನೋವನ್ನು ಅರಿಯುವ ಗುಣ (ಅನುಭೂತಿ) ಮೂರನೇ ವರ್ಷದಲ್ಲಿ, ಅಂದರೆ ವಾರ್ಡಿಗೆ ಕಾಲಿಟ್ಟಾಗ, ಇಳಿಯುತ್ತದೆ ಎಂದು 2009ರಲ್ಲಿ ತೋರಿಸಿದರು. 2012ರಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಲ್ಲೂ ಅಂಥದ್ದೇ ಕಂಡುಬಂತು. ರೋಗಿಗಳ ಒಡನಾಟ ಜಾಸ್ತಿ ಸಿಕ್ಕವರಲ್ಲೇ ಇಳಿಕೆ ಆಗಿತ್ತು. ರೋಗಿಗಳ ಹತ್ತಿರ ಹೋದಷ್ಟೂ ಕರುಣೆ ಕಡಿಮೆಯಾಗುವುದಾದರೆ, ಆ ವಾರ್ಡಿನಲ್ಲಿ ಅವರು ಏನನ್ನು ನೋಡುತ್ತಿದ್ದಾರೆ ಎಂದು ನಾವು ಕೇಳಿಕೊಳ್ಳಬೇಕು.

ನನ್ನದೇ ಒಂದು ನೆನಪು. ಎರಡನೇ ವರ್ಷದಲ್ಲಿದ್ದೆ, ಮೂಳೆ ವಾರ್ಡು. ಹಾಸಿಗೆ ಹಾಸುತ್ತಿದ್ದೆ. ಪಕ್ಕದ ಮಂಚದ ಅಜ್ಜ ನೀರು ಕೇಳಿದರು. ಕೊಡಲು ತಿರುಗಿದೆ. ಅಷ್ಟರಲ್ಲಿ ಟ್ಯೂಟರ್ ಬಂದು ಬೆಡ್‌ಶೀಟಿನ ಮೂಲೆ ಸರಿ ಮಡಚಿಲ್ಲ ಎಂದು ಇಡೀ ಶೀಟನ್ನು ಕಿತ್ತೆಳೆದರು. ವಾರ್ಡಿಗೆಲ್ಲ ಕೇಳುವ ಹಾಗೆ ಬೈದರು. ಅಜ್ಜ ಮೆಲ್ಲಗೆ ಹೇಳಿದರು: "ಬಿಡು ತಾಯಿ, ನನಗೆ ನೀರು ಬೇಡ." ತನ್ನಿಂದ ಈ ಹುಡುಗಿಗೆ ಬೈಗುಳ ಬಿತ್ತು ಎಂದು ಅವರಿಗೆ ಅನ್ನಿಸಿತ್ತು. ಅದಾದ ಮೇಲೆ ಎಷ್ಟೋ ತಿಂಗಳು ನಾನು ವಾರ್ಡಿಗೆ ಹೋದರೆ ಮೊದಲು ಶೀಟಿನ ಮೂಲೆ ನೋಡುತ್ತಿದ್ದೆ. ಯಾರು ಏನು ಕೇಳುತ್ತಿದ್ದಾರೆ ಎಂಬುದು ಕಿವಿಗೆ ಬೀಳುತ್ತಲೇ ಇರಲಿಲ್ಲ.

ಅದಕ್ಕೇ ನನ್ನ ಜೊತೆಯ ಟ್ಯೂಟರ್‌ಗಳಿಗೆ ಕೈಮುಗಿದು ಹೇಳುತ್ತೇನೆ. ರೋಗಿಯ ಎದುರು ಬೈಯಬೇಡಿ. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ "ತಿಂಡಿ ಆಯ್ತಾ?" ಎಂದು ಕೇಳಿ. ಮುಟ್ಟಿನ ಹೊಟ್ಟೆನೋವು ಎಂದು ಹೇಳಿದರೆ ನಂಬಿ. ಹಾಸ್ಟೆಲಿನಲ್ಲಿ, ಕ್ಲಾಸಿನಲ್ಲಿ ನಾವು ಅವರನ್ನು ನಡೆಸಿಕೊಳ್ಳುವ ರೀತಿಯೇ ನಾಳೆ ರೋಗಿಯವರೆಗೆ ಹೋಗುತ್ತದೆ.

ಹೆರಿಗೆ ವಾರ್ಡಿನಲ್ಲಿ ಬೈಯುವುದು, ತೊಡೆಗೆ ಹೊಡೆಯುವುದು ನೋಡಿದ್ದೇವೆ. ವಿದ್ಯಾರ್ಥಿಗಳಿಗೆ ಏನು ಹೇಳುವುದು?

ತಪ್ಪು ಎಂದೇ ಹೇಳುವುದು. "ಹಾಗೆ ಮಾಡಿದರೇ ಮುಕ್ಕುತ್ತಾರೆ" ಎಂಬ ಮಾತನ್ನು ಒಪ್ಪಬೇಡಿ. ಹೆದರಿಕೆಯಿಂದ ಹೆರಿಗೆ ಸುಲಭ ಆಗುವುದಿಲ್ಲ. ಹೆರಿಗೆ ವೇಳೆ ಅವಮಾನ, ಹಿಂಸೆ ನಿಲ್ಲಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲೇ ಹೇಳಿದೆ. ನಮ್ಮ ಕೇಂದ್ರ ಸರ್ಕಾರ 2017ರಲ್ಲಿ ಶುರು ಮಾಡಿದ 'ಲಕ್ಷ್ಯ' ಕಾರ್ಯಕ್ರಮದಲ್ಲಿ ಗೌರವದಿಂದ ಹೆರಿಗೆ ಮಾಡಿಸುವುದೂ ಸೇರಿದೆ, ಜೊತೆಗೆ ಒಬ್ಬರನ್ನು ಇರಿಸಿಕೊಳ್ಳುವ ಅವಕಾಶವೂ ಸೇರಿದೆ.

ಆದರೆ ಹತ್ತೊಂಬತ್ತು ವರ್ಷದ ಹುಡುಗಿ ಸೀನಿಯರ್ ಎದುರು ನಿಂತು ಜಗಳ ಆಡಲಿ ಎಂದು ನಾನು ನಿರೀಕ್ಷಿಸುವುದಿಲ್ಲ. ಅವಳಿಗೆ ಒಂದು ಕೆಲಸ ಕೊಡುತ್ತೇನೆ: ತಲೆಯ ಹತ್ತಿರ ನಿಂತುಕೋ. ಕೈ ಹಿಡಿದುಕೋ. ನೋವಿನ ನಡುವೆ ಬಾಯಿಗೆ ಎರಡು ಗುಟುಕು ನೀರು ಬಿಡು, ಕೊಡಬಹುದು ಎಂದು ಡಾಕ್ಟರ್ ಹೇಳಿದ್ದರೆ. ಏನು ಆಗುತ್ತಿದೆ ಎಂದು ಮೆಲ್ಲಗೆ ಹೇಳುತ್ತಿರು. ಕಂಡದ್ದನ್ನು ಸಂಜೆ ನನಗೆ ಹೇಳು. ಇನ್‌ಚಾರ್ಜ್ ಹತ್ತಿರ ಮಾತಾಡುವುದು ನನ್ನ ಜವಾಬ್ದಾರಿ, ಅವಳದ್ದಲ್ಲ.

ಮಾತಾಡದ, ಪ್ರತಿಕ್ರಿಯೆ ಕೊಡದ ರೋಗಿಯ ಜೊತೆ ಹೇಗಿರಬೇಕು ಎಂದು ಕಲಿಸುವುದು?

ನಾನು ಅರುಣಾ ಶಾನಭಾಗ್ ಅವರ ಬಗ್ಗೆ ಹೇಳುತ್ತೇನೆ. ನಮ್ಮ ಉತ್ತರ ಕನ್ನಡದ ಹಳದೀಪುರದವರು. ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದರು. 1973ರ ನವೆಂಬರಿನಲ್ಲಿ ಆಸ್ಪತ್ರೆಯಲ್ಲೇ ಅವರ ಮೇಲೆ ಭೀಕರ ದಾಳಿ ನಡೆಯಿತು. ಮಿದುಳಿಗೆ ಪೆಟ್ಟಾಗಿ, 2015ರ ಮೇ 18ರಂದು ತೀರಿಕೊಳ್ಳುವವರೆಗೆ 41 ವರ್ಷಕ್ಕೂ ಜಾಸ್ತಿ ಮಾತಿಲ್ಲದೆ ಹಾಸಿಗೆ ಹಿಡಿದಿದ್ದರು. ಅಷ್ಟೂ ಕಾಲ ಅವರನ್ನು ನೋಡಿಕೊಂಡಿದ್ದು ಕೆಇಎಂ ನರ್ಸ್‌ಗಳು. ಒಂದು ತಲೆಮಾರು ನಿವೃತ್ತಿ ಆಯಿತು, ಮುಂದಿನವರು ಬಂದರು. ಆ ದಾಳಿ ನಡೆದಾಗ ಹುಟ್ಟಿಯೂ ಇರದ ಹುಡುಗಿಯರು ಅವರಿಗೆ ಊಟ ತಿನ್ನಿಸಿದರು, ಮೈ ಒರೆಸಿದರು. 2011ರಲ್ಲಿ ಅವರ ದಯಾಮರಣದ ಅರ್ಜಿಯ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಾಗ, ಅಷ್ಟು ವರ್ಷಗಳಲ್ಲಿ ಅವರಿಗೆ ಒಂದೂ ಬೆಡ್‌ಸೋರ್, ಅಂದರೆ ಮಲಗಿದಲ್ಲೇ ಮಲಗಿ ಆಗುವ ಹುಣ್ಣು, ಆಗಿಲ್ಲ ಎಂಬುದು ಎಲ್ಲರ ಗಮನ ಸೆಳೆಯಿತು. ನ್ಯಾಯಾಲಯ ಆ ನರ್ಸ್‌ಗಳನ್ನು ಮನಸಾರೆ ಹೊಗಳಿತು.

ಬೆಡ್‌ಸೋರ್ ಆಗಲಿಲ್ಲ ಎಂದರೆ ಏನರ್ಥ ಎಂದು ಮಕ್ಕಳಿಂದಲೇ ಲೆಕ್ಕ ಹಾಕಿಸುತ್ತೇನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ ದಿನಕ್ಕೆ 12 ಸಲ, ವರ್ಷಕ್ಕೆ 4,380 ಸಲ. ಬೋರ್ಡಿನ ಮೇಲೆ ಆ ಸಂಖ್ಯೆ ಬರೆದ ಮೇಲೆ ಕ್ಲಾಸು ಸ್ವಲ್ಪ ಹೊತ್ತು ಸುಮ್ಮನಾಗುತ್ತದೆ. ಆಮೇಲೆ ನೇರ ಬ್ಯಾಕ್ ಕೇರ್, ಅಂದರೆ ಬೆನ್ನಿನ ಆರೈಕೆಯ ಪಾಠಕ್ಕೆ ಹೋಗುತ್ತೇವೆ.

ವಿದ್ಯಾರ್ಥಿ ವಾರ್ಡಿನಲ್ಲೇ ಅತ್ತುಬಿಟ್ಟರೆ?

ಅಳಲಿ. ಪಕ್ಕಕ್ಕೆ ಕರೆದುಕೊಂಡು ಹೋಗಿ, ನೀರು ಕೊಡಿ. "ನರ್ಸ್ ಆಗಿ ಅಳ್ತೀಯಾ?" ಎಂದು ಮಾತ್ರ ಕೇಳಬೇಡಿ.

ವಾರಕ್ಕೊಮ್ಮೆ ಅರ್ಧ ಗಂಟೆ ಎಲ್ಲರೂ ಸೇರಿ ಕೂರುತ್ತೇವೆ. ಕೇಸಿನ ಚರ್ಚೆ ಇಲ್ಲ, ಮಾರ್ಕ್ಸ್ ಇಲ್ಲ. ಮನಸ್ಸಿಗೆ ತಾಗಿದ್ದನ್ನು ಹೇಳಿಕೊಳ್ಳಬಹುದು. ಅಮೆರಿಕದ ಬಾಸ್ಟನ್‌ನಲ್ಲಿ ಕೆನೆತ್ ಶ್ವಾರ್ಟ್ಸ್ ಎಂಬ ವಕೀಲರು ಶ್ವಾಸಕೋಶದ ಕ್ಯಾನ್ಸರಿನಿಂದ 1995ರಲ್ಲಿ ತೀರಿಕೊಂಡರು. ಅವರ ಹೆಸರಿನ ಸಂಸ್ಥೆ ಆಸ್ಪತ್ರೆ ಸಿಬ್ಬಂದಿಗೆ ಇಂಥ ಕೂಟಗಳನ್ನು ಶುರು ಮಾಡಿತು. ಈಗ ಬ್ರಿಟನ್ನಿನಲ್ಲೂ ನಡೆಯುತ್ತವೆ. ನಮಗೆ ದೊಡ್ಡ ಏರ್ಪಾಡು ಬೇಕಿಲ್ಲ. ಒಂದು ಕೋಣೆ, ಚಹಾ, ಬಾಗಿಲು ಹಾಕಿರಬೇಕು. ಮೊದಲು ಟ್ಯೂಟರ್ ತನ್ನದನ್ನು ಹೇಳಿದರೆ ಮಕ್ಕಳೂ ಬಾಯಿ ಬಿಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ರೋಗಿಯ ನೋವನ್ನು ತನ್ನದೇ ನೋವಾಗಿ ಹೊತ್ತುಕೊಂಡರೆ ಬೇಗ ಸೋತುಹೋಗುತ್ತಾರೆ. ಜರ್ಮನಿಯಲ್ಲಿ ಸಂಶೋಧಕಿ ಟಾನಿಯಾ ಸಿಂಗರ್ ಮತ್ತು ಅವರ ತಂಡ ಈ ಎರಡನ್ನು ಬೇರೆ ಮಾಡಿ ನೋಡಿದೆ: ಬರೀ ನೋವಿನಲ್ಲಿ ಪಾಲುಗೊಳ್ಳುವುದು ದಣಿಸುತ್ತದೆ, ಒಳ್ಳೆಯದಾಗಲಿ ಎಂದು ಬಯಸಿ ನೆರವಾಗುವ ಮನಸ್ಸು ಬಲ ಕೊಡುತ್ತದೆ. ಅದಕ್ಕೇ ಅಳುವ ಮಗುವಿಗೆ ನಾನು ಕೇಳುವುದು: "ಈಗ ಅವರಿಗೆ ನೀನು ಏನು ಮಾಡಬಹುದು?" ಎಷ್ಟೋ ಸಲ ಉತ್ತರ ಚಿಕ್ಕದು. ದಿಂಬು ಸರಿಮಾಡುವುದು, ಮಗನಿಗೆ ಫೋನ್ ಹಚ್ಚಿಕೊಡುವುದು.

ಕಾಳಜಿಗೆ ಮಾರ್ಕ್ಸ್ ಕೊಡುವುದು ಹೇಗೆ?

ಕಷ್ಟ. ಮುಗುಳ್ನಗೆಗೆ ಮಾರ್ಕ್ಸ್ ಕೊಟ್ಟರೆ ಪರೀಕ್ಷೆ ದಿನ ಎಲ್ಲರೂ ನಗುತ್ತಾರೆ. ನಾನು ರೋಗಿಗಳನ್ನೇ ಕೇಳುತ್ತೇನೆ: "ಆ ಹುಡುಗಿ ಹೆಸರೇನು? ಏನು ಮಾಡ್ತೀನಿ ಅಂತ ಹೇಳಿದಳಾ? ಮತ್ತೆ ಬಂದಳಾ?" ಈ ಮೂರು ಸಾಕು.

ರೋಗಿಯ ಕಡೆಯವರು ಕೂಗಾಡಿದರೆ?

ಕೂಗುವವರಲ್ಲಿ ಜಾಸ್ತಿ ಜನ ಹೆದರಿದವರು. ಸಾಲ ಮಾಡಿ ಬಂದಿರುತ್ತಾರೆ, ಎರಡು ರಾತ್ರಿ ವರಾಂಡದಲ್ಲಿ ಮಲಗಿರುತ್ತಾರೆ. ಕೂರಿಸಿ, ಗೊತ್ತಿರುವುದನ್ನು ಹೇಳಲು ಕಲಿಸಿ. ಆದರೆ ಕೈ ಎತ್ತಿದರೆ ಅಥವಾ ಅಸಭ್ಯವಾಗಿ ನಡೆದುಕೊಂಡರೆ ಅಲ್ಲಿಂದ ಹೊರಟು ಇನ್‌ಚಾರ್ಜ್‌ಗೆ ಹೇಳಬೇಕು. ಕಾಳಜಿಯ ಹೆಸರಿನಲ್ಲಿ ಅದನ್ನು ಸಹಿಸಿಕೊಳ್ಳುವುದು ಬೇಡ. ಇದನ್ನು ಹೆಣ್ಣುಮಕ್ಕಳಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ.

ಗಂಡು ವಿದ್ಯಾರ್ಥಿಗಳಿಗೆ ಬೇರೆ ರೀತಿ ಕಲಿಸಬೇಕಾ?

ಬೇಡ. ಅವರೂ ಅಷ್ಟೇ ಚೆನ್ನಾಗಿ ಕಲಿಯುತ್ತಾರೆ. ಹೆಂಗಸರನ್ನು ಮುಟ್ಟುವ ಮುಂಚೆ ಒಪ್ಪಿಗೆ ಕೇಳುವುದು, ಜೊತೆಗೆ ಒಬ್ಬ ಸಿಸ್ಟರ್ ಇರುವುದು, ಇಷ್ಟನ್ನು ಗಟ್ಟಿ ಮಾಡಿಸಿ.

ಮೊದಲ ಸಲ ಸಾವು ನೋಡುವ ವಿದ್ಯಾರ್ಥಿಗೆ ಏನು ಕಲಿಸಬೇಕು?

ಒಬ್ಬರನ್ನೇ ಬಿಡಬೇಡಿ. ನೀವೂ ಜೊತೆಗೆ ನಿಂತು ದೇಹವನ್ನು ಸ್ವಚ್ಛ ಮಾಡಿ. ಹಾಗೆ ಮಾಡುವಾಗ ನಾನು ಬದುಕಿದ್ದವರಿಗೆ ಹೇಳುವ ಹಾಗೆಯೇ ಹೇಳುತ್ತೇನೆ: "ಅಜ್ಜಾ, ಮುಖ ಒರೆಸ್ತೀನಿ. ಈಗ ಕೈ ಎತ್ತುತ್ತೀನಿ." ವಿದ್ಯಾರ್ಥಿಗೆ ಮೊದಲು ವಿಚಿತ್ರ ಅನ್ನಿಸುತ್ತದೆ. ಸ್ವಲ್ಪ ಹೊತ್ತಿಗೆ ಅವಳ ಕೈ ನಡುಗುವುದು ನಿಲ್ಲುತ್ತದೆ.

ಮನೆಯವರನ್ನು ಕೇಳಬೇಕು, ನಾವೇ ಊಹಿಸಬಾರದು. ಕೆಲವರು ಬಾಯಿಗೆ ತುಳಸಿ ನೀರು ಬಿಡಬೇಕು ಅನ್ನುತ್ತಾರೆ. ಮುಸ್ಲಿಮರ ಮನೆಯಲ್ಲಿ ಹೆಂಗಸಿನ ದೇಹವನ್ನು ಹೆಂಗಸರೇ ತೊಳೆಯುತ್ತಾರೆ. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವ ಪದ್ಧತಿ ಇದೆ. ಮೈ ಬಿಗಿಯುವ ಮುಂಚೆ ದೇಹ ಕೊಡಿ ಎಂದು ಅವರು ಅವಸರ ಮಾಡಿದರೆ ಅದಕ್ಕೆ ಕಾರಣ ಇದೆ, ಅದನ್ನು ಒರಟುತನ ಎಂದುಕೊಳ್ಳಬಾರದು. ಕಾಗದಪತ್ರದ ಕೆಲಸ ಬೇಗ ಮುಗಿಸಿಕೊಡಲು ಓಡಾಡಬೇಕು.

ಆಮೇಲೆ ಅವರ ಸಾಮಾನು. ಕನ್ನಡಕ, ಚಪ್ಪಲಿ, ಊಟದ ಡಬ್ಬಿ, ದಿಂಬಿನ ಕೆಳಗಿನ ದೇವರ ಫೋಟೋ, ಅರ್ಧ ಉಳಿದ ಎಲೆ ಅಡಿಕೆ. ಎಲ್ಲವನ್ನೂ ಬರೆದುಕೊಂಡು, ಡಬ್ಬಿಯನ್ನು ತೊಳೆದು, ಕನ್ನಡಕ ಒರೆಸಿ, ಒಂದು ಒಳ್ಳೆಯ ಚೀಲಕ್ಕೆ ಹಾಕಬೇಕು. ಕಸದ ಚೀಲದಲ್ಲಿ ಹಾಕಬಾರದು. ಎರಡೂ ಕೈಯಿಂದ ಮನೆಯವರಿಗೆ ಕೊಡಬೇಕು. ಇದನ್ನು ವಿದ್ಯಾರ್ಥಿಯ ಕೈಯಿಂದಲೇ ಕೊಡಿಸಿ, ನೀವು ಪಕ್ಕದಲ್ಲಿ ನಿಂತಿರಿ.